ಕಿಂಡಿಯಲ್ಲಿ ನಿಂತ ಸುಳ್ಳಕ್ಕ

ಊರು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಬಸ್ ನಿಲ್ದಾಣದ ಎದುರಿನ ಹೋಟೆಲಿನ ಶಟರ್ ಅರ್ಧಕ್ಕಷ್ಟೇ ಏರಿದೆ. ಆ ಅರ್ಧದಲ್ಲೇ ತಲೆ ಬಗ್ಗಿಸಿ ನುಗ್ಗಿದವರು ಆಗಲೇ ಮೇಜು ಹಿಡಿದು ಕೂತಿದ್ದಾರೆ. ರಾತ್ರಿ ಪಾಳಿ ಮುಗಿಸಿದ ಆಸ್ಪತ್ರೆಯ ದಾದಿಯರು, ಮೊದಲ ಬಸ್ಸಿನ ಡ್ರೈವರುಗಳು, ಗಂಟುಮೂಟೆಯ ಮೇಲೆ ಕೈಯಿಟ್ಟುಕೊಂಡೇ ತೂಕಡಿಸುವ ಪ್ರಯಾಣಿಕರು. ಎಲ್ಲರಿಗೂ ಹಸಿವು, ಎಲ್ಲರಿಗೂ ಅವಸರ. ಊಟದ ಹಾಲ್‌ಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇದೆ, ದೊಡ್ಡ ತಟ್ಟೆಯೊಂದು ದಾಟುವಷ್ಟು ಅಗಲ. ಐವತ್ತು ದಾಟಿದ ಹೆಂಗಸೊಬ್ಬರು ಅದರ ಕಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ಎಳೆದು ಕಟ್ಟಿದ ತಂತಿಗೆ ಕ್ಲಿಪ್ಪುಗಳನ್ನು ಸಿಕ್ಕಿಸಿ, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿ ನಿಲ್ಲುತ್ತಾರೆ. ಒಳಗೆ ಒಲೆಯ ಮುಂದಿರುವ ಅಡುಗೆಯವನು ಇವರ ಒಡಹುಟ್ಟಿದ ತಮ್ಮ. ಅವನು ಅಕ್ಕಾ ಎನ್ನುತ್ತಾನೆ, ಹಾಗಾಗಿ ಅಡುಗೆಮನೆಗೆಲ್ಲ ಇವರು ಅಕ್ಕ.

"ಆಮ್ಲೆಟ್ ನಾಲ್ಕು, ಅರ್ಜೆಂಟು!" ಎಂದು ಉದ್ದ ಕಾಲಿನ ಸಪ್ಲೈಯರ್ ಒಬ್ಬ ಚೀಟಿ ಒಗೆದು ಹೋಗುತ್ತಾನೆ. ಅವನನ್ನು ಎಲ್ಲರೂ ಏಣಿ ಎನ್ನುತ್ತಾರೆ. ಅವನ ಬೆನ್ನಿಗೇ ಇನ್ನೊಬ್ಬ, ಆ ಇನ್ನೊಬ್ಬನ ಬೆನ್ನಿಗೆ ಮತ್ತೊಬ್ಬ. ಕೈಗೆ ಐದು ಚೀಟಿ ಬಂದರೂ ಅಕ್ಕ ಒಳಗೆ ಕೂಗುವುದು ಒಂದನ್ನೇ. "ಆಮ್ಲೆಟ್ ಎರಡು! ಬ್ರೆಡ್ಡು ಜೊತೆಗೆ!" ಉಳಿದ ನಾಲ್ಕು ಎಡಗೈಯ ಮುಷ್ಟಿಯಲ್ಲಿ. ಏಣಿ ತಿರುಗಿ ಬಂದು ಕತ್ತು ಚಾಚುತ್ತಾನೆ.

"ನಂದೇನಾಯ್ತು?"

"ಒಲೆ ಮೇಲಿದೆ."

ಒಲೆಯ ಮೇಲೆ ಇಲ್ಲ. ಅವನ ಚೀಟಿ ಮುಷ್ಟಿಯೊಳಗೆ ಬೆವರು ಕುಡಿದು ಮೆತ್ತಗಾಗುತ್ತಿದೆ. ಒಳಗಿನಿಂದ ತಮ್ಮನ ಗುನುಗು ಕೇಳಿಸುತ್ತದೆ. ಅವನು ಮೊಟ್ಟೆ ಒಡೆಯುತ್ತ ಕಿಂಡಿಯತ್ತ ಬಗ್ಗಿ, "ಏನಕ್ಕಾ, ಇವತ್ತು ಜನಾನೇ ಇಲ್ವಲ್ಲ?" ಎನ್ನುತ್ತಾನೆ. ಅಕ್ಕನ ಬೆನ್ನ ಹಿಂದೆ ಕೂರಲು ಜಾಗವಿಲ್ಲದೆ ಜನ ಗೋಡೆಗೊರಗಿ ನಿಂತಿದ್ದಾರೆ. "ಇಲ್ಲ ಕಣೋ," ಎನ್ನುತ್ತಾರೆ ಅಕ್ಕ.

ಸೂರ್ಯ ಹುಟ್ಟುವ ಮೊದಲೇ ಎರಡು ಸುಳ್ಳು, ಒಂದು ಹೊರಗಿನವರಿಗೆ, ಒಂದು ಒಳಗಿನವನಿಗೆ. ಅಕ್ಕನ ಉದ್ಯೋಗ ಇದೇ. ಹೊರಗಿನ ಹಸಿವು ಒಟ್ಟಿಗೆ ಒಲೆಯ ಮೇಲೆ ಬೀಳದ ಹಾಗೆ ಅದನ್ನು ತಡೆದು, ಬಿಡಿಸಿ, ಒಂದೊಂದಾಗಿ ಒಳಗೆ ಬಿಡುವುದು. ಈ ಕೆಲಸಕ್ಕೆ ಹೆಸರಿಲ್ಲ. ಸಂಬಳದ ಪಟ್ಟಿಯಲ್ಲಿ ಇವರ ಮುಂದೆ 'ಇತರೆ' ಎಂದು ಬರೆದಿದೆಯಂತೆ. ಸಪ್ಲೈಯರುಗಳು ಮಾತ್ರ ಧಾರಾಳಿಗಳು, ಒಂದು ಹೆಸರು ಕೊಟ್ಟಿದ್ದಾರೆ: ಸುಳ್ಳಕ್ಕ. ಎದುರಿಗೇ ಕರೆಯುತ್ತಾರೆ. ಇವರೂ ಓಗೊಡುತ್ತಾರೆ.

"ಒಲೆಗೆ ಆರು ಉರಿ, ಮನುಷ್ಯನಿಗೆ ಎರಡು ಕೈ. ಇಷ್ಟು ಲೆಕ್ಕ ಬಂದ್ರೆ ಸಾಕು ಈ ಕೆಲಸಕ್ಕೆ," ಎನ್ನುತ್ತಾರೆ ಅಕ್ಕ. ದಿನಕ್ಕೆ ಎಷ್ಟು ಚೀಟಿ ಕೈದಾಟುತ್ತವೆ ಎಂದು ಕೇಳಿದರೆ ನಗುತ್ತಾರೆ. "ಎಣಿಸ್ತಾ ಕೂತ್ರೆ ಹಿಡಿಯೋರ್ಯಾರು?"

ಲೆಕ್ಕ ಅಷ್ಟು ಸಲೀಸಲ್ಲ ಎಂಬುದು ಪಕ್ಕದಲ್ಲಿ ಒಂದು ಮಧ್ಯಾಹ್ನ ನಿಂತವರಿಗೆ ಗೊತ್ತಾಗುತ್ತದೆ. ಎರಡು ಮೇಜುಗಳು ಹುರಿದ ಮೀನು ಕೇಳಿದರೆ ಮೊದಲನೆಯದನ್ನು ಸ್ವಲ್ಪ ಹಿಡಿದು, ಎರಡನ್ನೂ ಒಂದೇ ಬಾಣಲೆಗೆ ಕೂಡಿಸುತ್ತಾರೆ. ಮಕ್ಕಳಿರುವ ಮೇಜಿನ ಚೀಟಿಯನ್ನು ಸದ್ದಿಲ್ಲದೆ ಮುಂದಕ್ಕೆ ತಳ್ಳುತ್ತಾರೆ. ಜಗಳವಾಡುತ್ತ ಕೂತ ಗಂಡ ಹೆಂಡಿರ ಚೀಟಿ ಕೊನೆಗೆ. "ಅವ್ರಿಗೆ ಊಟ ಬೇಕಾಗಿಲ್ಲ, ಜಗಳ ಮುಗೀಬೇಕು. ಬೇಗ ಕಳ್ಸಿದ್ರೆ ತಟ್ಟೆ ಹಾಗೇ ವಾಪಸ್ ಬರತ್ತೆ." ಬಸ್ಸು ಹಿಡಿಯಬೇಕಾದವರು ಯಾರೆಂದು ಚೀಲ ನೋಡಿ ಹೇಳುತ್ತಾರೆ. ನಿಜವಾಗಿ ಬಸ್ಸಿರುವವರು ಚೀಲವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರಂತೆ, ಬಾಯಲ್ಲಷ್ಟೇ ಬಸ್ಸಿರುವವರು ಮೇಜಿನ ಕೆಳಗೆ.

ಇಷ್ಟೆಲ್ಲ ಕಣ್ಣಿನ ಕೆಲಸವಾದರೆ, ಕಿವಿ ಪೂರ್ತಿ ಒಳಗಿರುತ್ತದೆ. ಆದರೆ ಅಕ್ಕ ಆಲಿಸುವುದು ಬಾಣಲೆಯನ್ನಲ್ಲ, ತಮ್ಮನನ್ನು. ಅವನು ಗುನುಗುತ್ತಿದ್ದರೆ ಇನ್ನೆರಡು ಚೀಟಿ ಬಿಡಬಹುದು. ಗುನುಗು ನಿಂತರೆ ಕೈ ತುಂಬಿದೆ ಎಂದರ್ಥ. ಉಪ್ಪಿನ ಡಬ್ಬಿಯನ್ನು ಬೈಯಲು ಶುರುಮಾಡಿದನೋ, ಆಕಾಶ ಕಳಚಿ ಬಿದ್ದರೂ ಅಕ್ಕ ಒಂದಕ್ಷರ ಒಳಗೆ ಕೂಗುವುದಿಲ್ಲ. ಆಗ ಹೊರಗಿನವರಿಗೆ ಸುಳ್ಳಿನ ಸರದಿ. ಸುಳ್ಳಿನಲ್ಲೂ ಮೂರು ಮೆಟ್ಟಿಲು. ಮೊದಲನೆಯದು "ಒಲೆ ಮೇಲಿದೆ". ಎರಡನೆಯದು "ಇಳಿಸ್ತಾ ಇದ್ದಾನೆ". ತೀರಾ ಕುತ್ತಿಗೆಗೆ ಬಂದಾಗ "ತಟ್ಟೆಗೆ ಹಾಕಿ ಆಯ್ತು". ಮೂರನೆಯದನ್ನು ಹೇಳಿದ ಮೇಲೆ ತಟ್ಟೆ ಬರಲೇಬೇಕು, ಇಲ್ಲವಾದರೆ ನಾಳೆ ಮೊದಲನೆಯದನ್ನೂ ಯಾರೂ ನಂಬುವುದಿಲ್ಲ. ಸುಳ್ಳನ್ನು ಇಷ್ಟು ನಿಯತ್ತಿನಿಂದ ಹೇಳುವವರು ಅಪರೂಪ.

ಆದರೆ ನಿಯತ್ತಿಗೆ ಸಿಗುವುದೇನು? ಮದ್ದಳೆಗೆ ಎರಡೂ ಕಡೆ ಪೆಟ್ಟು. ಗಿರಾಕಿ ಸಪ್ಲೈಯರನ್ನು ಬೈಯುತ್ತಾನೆ, ಸಪ್ಲೈಯರ್ ಅದನ್ನು ತಂದು ಅಕ್ಕನ ಮೇಲೆ ಸುರಿಯುತ್ತಾನೆ. ಒಳಗಿನವರಿಗೋ, ಎಲ್ಲ ದಿನವೂ ಜನ ಕಡಿಮೆ ಇರುವ ದಿನವೇ. ಬಂದ ನೆರೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಬಾರದ ಹಾಗೆ ತಡೆದ ನೆರೆಯನ್ನು ತೋರಿಸುವುದು ಯಾರಿಗೆ, ಹೇಗೆ? ತಮ್ಮನಂತೂ ಬಂದವರೆದುರು ಹಾಸ್ಯ ಮಾಡುತ್ತಾನೆ: "ನಾವು ಬೇಯೋದಕ್ಕೆ ಸಂಬಳ ತಗೋತೀವಿ, ನಮ್ಮಕ್ಕ ಕೂಗೋದಕ್ಕೆ." ಎಲ್ಲರೂ ನಗುತ್ತಾರೆ. ಅಕ್ಕನೂ ನಗುತ್ತಾರೆ. ಆ ನಗು ನೋಡಲು ಚೆನ್ನಾಗಿಲ್ಲ.

ಈ ಕಿಂಡಿ ಮೊದಲು ಇರಲಿಲ್ಲ. ಆ ಜಾಗದಲ್ಲಿ ಬಾಗಿಲಿಲ್ಲದ ಬಾಗಿಲವಾಡವಿತ್ತು. ಸಪ್ಲೈಯರುಗಳು ನೇರವಾಗಿ ಒಲೆಯ ತನಕ ನುಗ್ಗಿ ಅಡುಗೆಯವನ ಕಿವಿಗೇ ಕೂಗುತ್ತಿದ್ದರು. ಆಗ ಒಲೆಯ ಮುಂದಿದ್ದವರು ಅಕ್ಕನ ಗಂಡ. ಅಕ್ಕ ಹಿಂದುಗಡೆ ತರಕಾರಿ ಹೆಚ್ಚುತ್ತಿದ್ದರು. ಒಂದು ಭಾನುವಾರದ ಮಧ್ಯಾಹ್ನ, ಎಲ್ಲ ಮೇಜೂ ತುಂಬಿ, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದಾಗ, ಅವರು ಬಲಗೈಯಲ್ಲಿ ಆಮ್ಲೆಟ್ ಮಗುಚುತ್ತ ಎಡಗೈಯಲ್ಲಿ ಕಾದ ಎಣ್ಣೆಯ ಬಾಣಲೆ ಇಳಿಸಲು ಹೋದರು. ಯಾರೂ ತಳ್ಳಲಿಲ್ಲ. ಯಾರ ತಪ್ಪೂ ಅಲ್ಲ. ಯಾರ ತಪ್ಪೂ ಅಲ್ಲದ ಕಾರಣಕ್ಕೇ ಯಾರೂ ಅದನ್ನು ಹೊರಲೂ ಇಲ್ಲ. ಎಣ್ಣೆ ಎರಡೂ ಕಾಲಿನ ಮೇಲೆ, ಮೊಣಕಾಲಿನಿಂದ ಕೆಳಕ್ಕೆ, ಇಳಿಯಿತು.

"ಅವ್ರು ಕೂಗ್ಲಿಲ್ಲ," ಎಂದು ಅಕ್ಕ ನೆನೆಯುತ್ತಾರೆ. "ಮಗುಚಿದ ಆಮ್ಲೆಟ್ನ ತಟ್ಟೆಗೆ ಹಾಕಿ ಆಮೇಲೆ ಕೆಳಗೆ ಕೂತ್ರು. ಸಪ್ಲೈಯರುಗಳು ಅದನ್ನ ತಗೊಂಡು ಹೋಗಿ ಬಡಿಸಿದ್ರು ಕೂಡ."

ಹೋಟೆಲಿನ ಯಜಮಾನರು ಕಲ್ಲುಮನಸ್ಸಿನವರೇನಲ್ಲ. ಆಸ್ಪತ್ರೆಯ ಖರ್ಚು ನೋಡಿಕೊಂಡರು. ಗೋಡೆ ಕಟ್ಟಿಸಿ ಕಿಂಡಿ ಬಿಡಿಸಿದರು. ಅಕ್ಕನನ್ನು ಕರೆದು ಅಲ್ಲಿ ನಿಲ್ಲಿಸಿ, "ಇನ್ಮೇಲೆ ನೀನು ಹೇಳಿದಷ್ಟೇ ಒಳಗೆ ಹೋಗ್ಲಿ," ಎಂದರು. "ಆಗ ಅವ್ರ ಕಣ್ಣಲ್ಲಿ ನೀರಿತ್ತು. ನಾನು ಮರ್ತಿಲ್ಲ. ಅವ್ರು ಮರ್ತಿದ್ದಾರೆ, ಪಾಪ, ವಯಸ್ಸಾಯ್ತು," ಎನ್ನುತ್ತಾರೆ ಅಕ್ಕ. ಪಾಪ ಎಂಬ ಮಾತನ್ನು ಅಷ್ಟು ಖಾರವಾಗಿ ಆಡಲು ಬರುತ್ತದೆ ಎಂದು ಅವರ ಬಾಯಿಂದ ಕೇಳಿದ ಮೇಲೇ ಗೊತ್ತಾಗುವುದು.

ಗಂಡ ಈಗ ಎರಡು ಕೋಲು ಊರಿ ನಡೆಯುತ್ತಾರೆ. ಬಾಡಿಗೆ ಮನೆಯ ಹೊಸ್ತಿಲ ಬಳಿ ಕೂತು ಅಕ್ಕಪಕ್ಕದವರ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಬಿಚ್ಚಿ ಸರಿಮಾಡುತ್ತಾರೆ. ನಾಲಿಗೆಗೆ ಮಾತ್ರ ಯಾವ ಊನವೂ ಆಗಿಲ್ಲ. "ಎಲ್ರೂ ಅದನ್ನ ಕಿಂಡಿ ಅಂತಾರೆ. ನಾನು ನನ್ನ ಕಾಲು ಅಂತೀನಿ. ಆ ಕಾಲು ಕೊಟ್ಟೇ ತಾನೇ ಅದು ಬಂದಿದ್ದು?"

ಗಂಡನ ಜಾಗಕ್ಕೆ ಅಕ್ಕ ತನ್ನ ತಮ್ಮನನ್ನು ತಂದರು. ತಾಯಿ ಬೇಗ ಹೋದದ್ದರಿಂದ ಸೊಂಟದ ಮೇಲೆ ಹೊತ್ತು ಸಾಕಿದ ತಮ್ಮ. ಬೇರೆಡೆ ಬ್ರೆಡ್ಡು ಸುಡುವ ಕೆಲಸದಲ್ಲಿದ್ದವನು ಬಂದು ಒಲೆ ಹಿಡಿದ. ಒಳ್ಳೆಯ ಕೈ, ಒಳ್ಳೆಯ ಮನಸ್ಸು, ಸ್ವಲ್ಪ ಹೆಚ್ಚು ಬಾಯಿ. ಆದರೆ ಒಂದು ಮಾತು ಗಮನಿಸಬೇಕು. ಅವನು ಬರುವ ಹೊತ್ತಿಗೆ ಕಿಂಡಿ ಬಂದಾಗಿತ್ತು, ಕಿಂಡಿಯಲ್ಲಿ ಅಕ್ಕ ನಿಂತಾಗಿತ್ತು. ಇಲ್ಲಿನ ಒಲೆ ಮೈಮೇಲೆ ಬರುವುದನ್ನು ಅವನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ. ಹೋಟೆಲಿನ ಒಲೆ ಎಂದರೆ ಇಷ್ಟೇ, ಗುನುಗುತ್ತ ಮಾಡುವ ಕೆಲಸ ಎಂದೇ ಅವನು ತಿಳಿದಿದ್ದಾನೆ.

ಕಿಂಡಿಯ ದಿನಗಳು ಹೀಗೆ ಸಾಗುತ್ತಿದ್ದಾಗ ಯಜಮಾನರ ಅಳಿಯ ಬಂದರು. ಮಾವನಿಗೆ ಮಂಡಿನೋವು, ವ್ಯವಹಾರ ಅಳಿಯದೇವರ ಕೈಗೆ. ದುಷ್ಟರಲ್ಲ, ಮರ್ಯಾದಸ್ಥರು. ಎರಡು ದಿನ ಕೈಕಟ್ಟಿ ನಿಂತು ಎಲ್ಲವನ್ನೂ ನೋಡಿದರು. ಮೂರನೆಯ ದಿನ ಕಿಂಡಿಯತ್ತ ಗದ್ದ ಎತ್ತಿ, "ಇವರು ಏನು ಮಾಡ್ತಾರೆ?" ಎಂದು ಮಾವನನ್ನು ಕೇಳಿದರು.

"ಚೀಟಿ ಓದಿ ಒಳಗೆ ಕೂಗ್ತಾರೆ."

"ಅಷ್ಟೇನಾ?"

"ಅಷ್ಟೇ."

ಕಣ್ಣೀರು ಹಾಕಿ ಕಿಂಡಿ ಕಟ್ಟಿಸಿದ ಬಾಯಿಯಿಂದಲೇ ಆ 'ಅಷ್ಟೇ' ಬಂತು. ಅಕ್ಕ ಎರಡು ಮಾರು ದೂರದಲ್ಲಿ ನಿಂತು ಕೇಳಿಸಿಕೊಂಡರು, ತುಟಿ ಬಿಚ್ಚಲಿಲ್ಲ. ಯಾಕೆ ಸುಮ್ಮನಿದ್ದಿರಿ ಎಂದರೆ ಅವರಿಗೆ ಸಿಟ್ಟೇ ಬರುತ್ತದೆ. "ಏನಂತ ಹೇಳ್ಲಿ? ನಾನು ಚೀಟಿ ಬಚ್ಚಿಡ್ತೀನಿ ಸ್ವಾಮಿ, ದಿನವಿಡೀ ಸುಳ್ಳು ಹೇಳ್ತೀನಿ, ಅದಕ್ಕೇ ನಿಮ್ಮ ಹೋಟ್ಲು ನಡೀತಿದೆ ಅಂತ ಹೇಳ್ಲಾ? ಕೇಳಿಸ್ಕೊಳ್ಳೋಕೆ ಚೆನ್ನಾಗಿರತ್ತಾ?"

ಅಳಿಯ ಸಪ್ಲೈಯರುಗಳಿಗೆಲ್ಲ ಒಂದೊಂದು ಫೋನು ಕೊಡಿಸಿದರು. ಗಿರಾಕಿ ಹೇಳುತ್ತಿದ್ದಂತೆ ಅದರಲ್ಲಿ ಒತ್ತಿದರೆ ಸಾಕು, ಒಲೆಯ ಮೇಲಿನ ಗೋಡೆಗೆ ಹಾಕಿದ ಪರದೆಯಲ್ಲಿ ಟಿಂಗ್ ಎಂದು ಮೂಡುತ್ತದೆ. ಚೀಟಿ ಇಲ್ಲ, ಕೂಗು ಇಲ್ಲ, ನಡುವೆ ಯಾರೂ ಇಲ್ಲ. ಸಪ್ಲೈಯರುಗಳು ಹಿಗ್ಗಿ ಹೀರೇಕಾಯಿಯಾದರು. ಭಾನುವಾರದ ಮಧ್ಯಾಹ್ನ ಇದರ ಪರೀಕ್ಷೆ, ಸರಿಹೋದರೆ ಸೋಮವಾರದಿಂದ ಕಿಂಡಿ ಮುಚ್ಚಿಸುವುದು ಎಂದಾಯಿತು. ಅಕ್ಕನಿಗೆ ಏನು ಕೆಲಸ ಎಂದು ಯಾರೂ ಹೇಳಲಿಲ್ಲ. ಕೇಳುವ ಧೈರ್ಯ ಅಕ್ಕನಿಗೂ ಬರಲಿಲ್ಲ. ಮನೆ ನಡೆಯುವುದು ಇವರ ದುಡಿಮೆಯಿಂದ.

ಶನಿವಾರ ಮನೆಯಲ್ಲಿ ಗಂಡ ಕೈಯುಜ್ಜಿಕೊಂಡರು. "ಮಾಡ್ಲಿ ಬಿಡು. ಒಂದೇ ಒಂದು ಗಂಟೆ ಸಾಕು, ಒಳಗೆಲ್ಲಾ ಅಲ್ಲೋಲಕಲ್ಲೋಲ ಆಗತ್ತೆ. ಆವಾಗ ನಿನ್ನ ಕಾಲು ಹಿಡೀತಾರೆ. ನೀನು ಬೆರಳು ಕೂಡ ಅಲ್ಲಾಡಿಸ್ಬೇಡ." ಅಕ್ಕನಿಗೂ ಇದು ಗೊತ್ತಿತ್ತು. ಅಡುಗೆಮನೆ ಮುಳುಗಿದರೆ ಕಿಂಡಿ ಉಳಿಯುತ್ತದೆ, ಅನ್ನ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಮುಳುಗದಿದ್ದರೆ ಎಲ್ಲವೂ ಹೋಯಿತು. ಮಾಡಬೇಕಾದ್ದು ಒಂದೇ, ಸುಮ್ಮನೆ ಕೂರುವುದು.

ಭಾನುವಾರ ಕಿಂಡಿಗೆ ಅಡ್ಡಲಾಗಿ ಪ್ಲೈವುಡ್ ಹಲಗೆ ಹೊಡೆದಿದ್ದರು. ಸಪ್ಲೈಯರುಗಳು ಪಕ್ಕದ ಬಾಗಿಲಿನಿಂದ ತಟ್ಟೆ ತರಬೇಕು. ಅಳಿಯ ತಾವೇ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಕುರ್ಚಿ ಹಾಕಿಸಿ, "ಅಮ್ಮಾ, ಇವತ್ತು ನೀವು ಆರಾಮಾಗಿ ಕೂತ್ಕೊಳ್ಳಿ," ಎಂದರು. ಅಕ್ಕ ಕೂತರು. ಕೂತು ಅಭ್ಯಾಸವಿಲ್ಲದ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲವಂತೆ.

ಜನ ಬಂದರು. ಎರಡು ಬಸ್ಸು ಒಟ್ಟಿಗೆ ಇಳಿಸಿದ ಜನ. ಮೇಜುಗಳೆಲ್ಲ ಒಂದೇ ಉಸಿರಿಗೆ ತುಂಬಿದವು. ಫೋನುಗಳ ಮೇಲೆ ಬೆರಳುಗಳು ಓಡಿದವು. ಹಲಗೆಯ ಹಿಂದಿನಿಂದ ಟಿಂಗ್, ಟಿಂಗ್, ಟಿಂಗ್. ಮೊದಲು ತಮ್ಮ ಗುನುಗುತ್ತಲೇ ಇದ್ದ. ಆಮೇಲೆ ಗುನುಗು ನಿಂತಿತು. ಆಮೇಲೆ ಉಪ್ಪಿನ ಡಬ್ಬಿಗೆ ಬೈಗುಳ. ಟಿಂಗ್ ಮಾತ್ರ ನಿಲ್ಲಲಿಲ್ಲ, ಅದಕ್ಕೆ ಕಿವಿ ಎಲ್ಲಿದೆ? ಮುಚ್ಚಳವೊಂದು ನೆಲಕ್ಕೆ ಬಿತ್ತು. ಇನ್ನೊಂದು ಬಿತ್ತು. ಕೊನೆಗೆ ಬೈಗುಳವೂ ನಿಂತುಹೋಯಿತು.

"ಬೈಯೋ ತನಕ ಪರವಾಗಿಲ್ಲ," ಎನ್ನುತ್ತಾರೆ ಅಕ್ಕ. "ಸುಮ್ಮನಾದಾಗ್ಲೇ ಭಯ. ನಮ್ಮ ಮನೆಯವ್ರೂ ಆ ದಿನ ಹಾಗೇ ಸುಮ್ಮನಾಗಿದ್ರು. ಒಂದು ಕೈಯಲ್ಲಿ ಒಂದು, ಇನ್ನೊಂದು ಕೈಯಲ್ಲಿ ಇನ್ನೊಂದು ಹಿಡ್ದಿರ್ತಾನೆ ಅಂತ ನಂಗೆ ಗೋಡೆ ಈಚೆಯಿಂದ್ಲೇ ಕಂಡ ಹಾಗಾಯ್ತು."

ಅಕ್ಕ ಎದ್ದರು. ಅಡುಗೆಮನೆಗೆ ಹೋಗುವಂತಿಲ್ಲ, ಪರದೆಯನ್ನು ಮುಷ್ಟಿಯಲ್ಲಿ ಹಿಡಿಯುವಂತಿಲ್ಲ. ಕೈಗೆ ಸಿಕ್ಕಿದ್ದು ಮೂಲೆಯಲ್ಲಿದ್ದ ನೀರಿನ ಜಗ್ಗು. ಅದನ್ನು ಹಿಡಿದುಕೊಂಡು ಅವರು ಮೇಜುಗಳ ನಡುವೆ ನಡೆದರು.

ಏಣಿ ಒಂದು ದೊಡ್ಡ ಕುಟುಂಬದ ಮುಂದೆ ಫೋನು ಎತ್ತಿ ನಿಂತಿದ್ದ. ಅಕ್ಕ ಅವನಿಗೂ ಅವರಿಗೂ ನಡುವೆ ತೂರಿ, "ನೀರು?" ಎಂದು ಒಂದೊಂದೇ ಲೋಟ ತುಂಬಿಸಿದರು. ಚಿಕ್ಕ ಮಗುವಿನ ಲೋಟವನ್ನು ಅರ್ಧ ತುಂಬಿಸಿ, ಸಾಕಾ ಎಂದು ಕೇಳಿ, ಮತ್ತೆ ತುಂಬಿಸಿದರು. ಪಕ್ಕದ ಮೇಜಿನವರ ಕೈಯಿಂದ ಮೆನು ಕಾರ್ಡು ತೆಗೆದುಕೊಂಡು, "ಇದು ಕೊಳೆ ಆಗಿದೆ, ಬೇರೆ ಕೊಡ್ತೀನಿ," ಎಂದು ಒಯ್ದವರು ಬೇಗ ಮರಳಲಿಲ್ಲ. ಬಾಗಿಲಲ್ಲಿ ಬಂದವರನ್ನು ತಡೆದು, ಒರೆಸಿದ ಮೇಜನ್ನೇ ಮತ್ತೆ ಒರೆಸಿದರು. ಮೀನು ಕೇಳಲು ಬಾಯಿ ತೆರೆದ ಇಬ್ಬರು ಹಿರಿಯರ ಬಳಿ ಬಗ್ಗಿ, "ಮೀನು ಸ್ವಲ್ಪ ಹೊತ್ತಾಗತ್ತೆ. ಸೂಪು ಬಿಸಿಬಿಸಿ ಇದೆ, ಈಗ್ಲೇ ಬರತ್ತೆ," ಎಂದರು. ಸೂಪು ಬೆಳಗ್ಗೆಯೇ ಮಾಡಿಟ್ಟದ್ದು, ಸೌಟಿನಲ್ಲಿ ಎತ್ತಿ ಹಾಕಿದರೆ ಮುಗಿಯಿತು. ಒಬ್ಬ ಗಿರಾಕಿ ರೇಗಿದ: "ಎಷ್ಟು ಸಲ ನೀರು ಹಾಕ್ತೀಯಮ್ಮ? ನಾವೇನು ಗಿಡಾನಾ?" ಸುತ್ತಲಿನವರು ನಕ್ಕರು. ಅಕ್ಕ ಅವನ ಲೋಟಕ್ಕೆ ಇನ್ನೊಂದು ಗುಟುಕು ಹಾಕಿಯೇ ಮುಂದೆ ಹೋದರು.

ಟಿಂಗ್ ಸದ್ದು ನಿಧಾನವಾಯಿತು. ಒಂದು ಬಂದು, ಸ್ವಲ್ಪ ತಡೆದು ಇನ್ನೊಂದು. ಸ್ವಲ್ಪ ಹೊತ್ತಿಗೆ ಹಲಗೆಯ ಹಿಂದಿನಿಂದ ಉಪ್ಪಿನ ಡಬ್ಬಿಗೆ ಮತ್ತೆ ಬೈಗುಳ ಕೇಳಿಸಿತು. ಆಮೇಲೆ ಗುನುಗು. ಬಾಗಿಲ ಬಳಿಯ ಕಂಬ ಹಿಡಿದು ಅಕ್ಕ ಒಮ್ಮೆ ಉಸಿರು ಬಿಟ್ಟರು, ಜಗ್ಗು ತುಂಬಿಸಿಕೊಂಡು ಮತ್ತೆ ಹೊರಟರು. ಆ ಮಧ್ಯಾಹ್ನ ಮುಗಿಯುವ ತನಕ ಅವರು ಕೂರಲಿಲ್ಲ. ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಳ್ಳುವುದು ಎನ್ನುತ್ತಾರಲ್ಲ, ಅದನ್ನು ಇಷ್ಟು ಶ್ರದ್ಧೆಯಿಂದ, ಮೇಜಿಂದ ಮೇಜಿಗೆ ಓಡಾಡಿ ಮಾಡಿದವರನ್ನು ಯಾರೂ ಕಂಡಿರಲಾರರು.

ಪರೀಕ್ಷೆ ಗೆದ್ದಿತು. ಗೆಲ್ಲದೆ ಏನು? ಅಳಿಯ ಎಲ್ಲರಿಗೂ ಐಸ್‌ಕ್ರೀಮ್ ತರಿಸಿದರು. ಮೊದಲು ಸ್ವಲ್ಪ ಗೊಂದಲವಾಯಿತು, ಆಮೇಲೆ ತಾನಾಗಿಯೇ ಹದಕ್ಕೆ ಬಂತು ಎಂದು ಮಾವನಿಗೆ ವಿವರಿಸಿದರು. ತಾನಾಗಿಯೇ! ಒದ್ದೆ ಕೈ ಒರೆಸಿಕೊಳ್ಳುತ್ತ ತಮ್ಮ ಹೊರಗೆ ಬಂದ. ಮುಖ ಕೆಂಪಾಗಿತ್ತು, ಮುಂಗೈಯಲ್ಲಿ ಎಣ್ಣೆ ಸಿಡಿದ ಎರಡು ಚುಕ್ಕೆ, ಅಷ್ಟೇ. ಎಲ್ಲರೆದುರು ಅಕ್ಕನ ಹೆಗಲ ಮೇಲೆ ಕೈ ಹಾಕಿದ.

"ನೋಡಿದ್ಯಾ ಅಕ್ಕಾ? ಕಿಂಡಿ ಇಲ್ದೇನೂ ನಡೀತು! ಸುಮ್ನೆ ಇಷ್ಟು ವರ್ಷ ನಿಂತು ನಿಂತು ಕಾಲು ನೋಯಿಸ್ಕೊಂಡೆ ನೀನು."

ಅವನ ದನಿಯಲ್ಲಿ ಕುಹಕವಿರಲಿಲ್ಲ, ಅಕ್ಕರೆಯಿತ್ತು. ಕುಹಕವಾಗಿದ್ದರೆ ಎದುರು ಮಾತಾಡಬಹುದಿತ್ತು. "ಹೌದು ಕಣೋ," ಎಂದರು ಅಕ್ಕ. ಐಸ್‌ಕ್ರೀಮ್ ಕರಗಿ ಬೆರಳಿಗೆ ಇಳಿಯುತ್ತಿತ್ತು.

ನಡೆದದ್ದನ್ನು ಕಂಡವನು ಒಬ್ಬನೇ, ಏಣಿ. ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. "ಮೂರನೇ ಸಲ ನೀರು ತಂದಾಗ್ಲೇ ನಂಗೆ ಗೊತ್ತಾಯ್ತು. ಮೊದ್ಲು ಸಿಟ್ಟು ಬಂತು. ಆಮೇಲೆ ನೋಡ್ತೀನಿ, ನಾನು ಒತ್ತಿದ್ದೆಲ್ಲ ಬಿಸಿಬಿಸಿ ಬರ್ತಾ ಇದೆ, ಯಾವ ಗಿರಾಕೀನೂ ಬೈತಿಲ್ಲ. ಸುಳ್ಳಕ್ಕ ಅಂತ ಹೆಸ್ರಿಟ್ಟೋನು ನಾನೇ." ಹಾಗಾದರೆ ಯಜಮಾನರಿಗೆ ಹೇಳಬಹುದಿತ್ತಲ್ಲ? ಏಣಿ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾನೆ. "ಹೇಳ್ಬಹುದಿತ್ತು. ಅಳಿಯಂದ್ರು ಖುಷಿಯಾಗಿದ್ರು. ಖುಷಿಯಾಗಿರೋರ ಮುಂದೆ ಯಾರು ಹೋಗಿ ನಿಲ್ತಾರೆ? ನಂಗೂ ಸಂಸಾರ ಇದೆ." ತಪ್ಪೆಂದು ಅವನಿಗೂ ಗೊತ್ತು. ಗೊತ್ತಿರುವವರು ಸುಮ್ಮನಿರುವುದು ಈ ಹೋಟೆಲಿನಲ್ಲಿ ಮೊದಲ ಸಲವೇನಲ್ಲ.

ಅಂದು ಮನೆಯಲ್ಲಿ ಗಂಡ ವಿಷಯ ಕೇಳಿ ಕೋಲಿನಿಂದ ನೆಲ ಕುಟ್ಟಿದರು.

"ನಿಂಗೆ ತಲೆ ಕೆಟ್ಟಿದ್ಯಾ? ಮುಳುಗೋಕೆ ಬಿಡ್ಬೇಕಿತ್ತು! ಒಂದು ಗಂಟೆ ಸಾಕಿತ್ತಲ್ಲ!"

"ನಿಮ್ಗೆ ಒಂದು ಗಂಟೆಯೂ ಬೇಕಾಗ್ಲಿಲ್ಲ," ಎಂದರು ಅಕ್ಕ.

ಅಕ್ಕ ತಟ್ಟೆ ಹಾಕಿದರು. ಇಬ್ಬರೂ ಎದುರುಬದುರು ಕೂತು ಉಂಡರು. ಆಮೇಲೆ ಗಂಡ ಬಿಚ್ಚಿಟ್ಟಿದ್ದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಕೊಂಡು, ಅದಕ್ಕೆ ಬಿಗಿಯಬೇಕಾದ ಸ್ಕ್ರೂ ಕೈಯಲ್ಲೇ ಇದ್ದರೂ ಬಹಳ ಹೊತ್ತು ಹುಡುಕುತ್ತಿದ್ದರು.

ಸೋಮವಾರ ಗಾರೆಯವರು ಬಂದು ಕಿಂಡಿ ಮುಚ್ಚಿದರು. ಇಟ್ಟಿಗೆಯ ಮೇಲೆ ಗಾರೆ, ಗಾರೆಯ ಮೇಲೆ ಬಣ್ಣ. ಈಗ ಅಲ್ಲೊಂದು ಹೂಕುಂಡದ ಚಿತ್ರ ತೂಗುಹಾಕಿದ್ದಾರೆ. ಯಜಮಾನರು ಅಕ್ಕನನ್ನು ಕರೆದು, ಹಿಂದುಗಡೆ ಈರುಳ್ಳಿ ಹೆಚ್ಚಬಹುದು, ಅಥವಾ ವಯಸ್ಸಾಯಿತು, ಮನೆಯಲ್ಲಿ ವಿಶ್ರಾಂತಿ ತಗೊಳ್ಳಬಹುದು ಎಂದರು. ಅಕ್ಕ ಎರಡನ್ನೂ ಒಲ್ಲೆ ಎಂದರು. ಹೊರಗೆ ನೀರು ಕೊಡುವ ಕೆಲಸ ಕೊಡಿ ಎಂದು ಕೇಳಿದರು. ಯಜಮಾನರಿಗೆ ನಗು ಬಂತು. ಅದು ಹೊಸದಾಗಿ ಸೇರಿದ ಹುಡುಗರ ಕೆಲಸ, ಸಂಬಳವೂ ಆ ಮಟ್ಟದ್ದೇ. ಆದರೂ ಹಳಬರು, ಹೋಗಲಿ ಪಾಪ ಎಂದು ಒಪ್ಪಿದರು. ಇದನ್ನು ದೊಡ್ಡ ಉಪಕಾರವೆಂದು ಅವರು ಈಗಲೂ ನಂಬಿದ್ದಾರೆ.

ಅಕ್ಕ ಈಗ ಬೆಳಗಿನಿಂದ ಮೇಜುಗಳ ನಡುವೆ ಓಡಾಡುತ್ತಾರೆ. ನಿಂತಲ್ಲಿ ನಿಲ್ಲುತ್ತಿದ್ದ ಕಾಲುಗಳಿಗೆ ಈಗ ನಡಿಗೆಯ ನೋವು. ಹೊಸ ಗಿರಾಕಿಗಳಿಗೆ ಈಕೆ ಸ್ವಲ್ಪ ನಿಧಾನದ, ಸ್ವಲ್ಪ ಹೆಚ್ಚೇ ಮಾತಿನ ನೀರಿನ ಹೆಂಗಸು. ಈ ವಯಸ್ಸಿನಲ್ಲಿ ಇಂಥ ಕೆಲಸವೇ ಎಂದು ಕೆಲವರು ಮರುಗುತ್ತಾರೆ, ಕೆಲವರು ರೇಗುತ್ತಾರೆ. ಅಳಿಯದೇವರು ಪಕ್ಕದ ಬೀದಿಯಲ್ಲೂ ಒಂದು ಹೋಟೆಲು ತೆರೆಯುವ ಯೋಚನೆಯಲ್ಲಿದ್ದಾರೆ, ಅಲ್ಲಿ ಮೊದಲಿನಿಂದಲೇ ಕಿಂಡಿ ಇರುವುದಿಲ್ಲವಂತೆ. ಅಲ್ಲಿ ಯಾರು ನೀರು ಕೊಡುತ್ತಾರೆ ಎಂದು ಅಕ್ಕ ಒಮ್ಮೆ ಕೇಳಿದರು. ಗಿರಾಕಿಗಳೇ ಹಿಡಿದುಕೊಳ್ಳುವ ಯಂತ್ರ ಇಡುತ್ತೇವೆ ಎಂಬ ಉತ್ತರ ಬಂತು. "ಆ ಒಲೆ ಮುಂದೆ ಯಾವ ತಾಯಿ ಮಗ ನಿಲ್ತಾನೋ," ಎಂದು ಅಕ್ಕ ಜಗ್ಗು ಕೆಳಗಿಡುತ್ತಾರೆ.

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ, ತಮ್ಮನಿಗೆ ತಿಳಿದರೆ ಪರವಾಗಿಲ್ಲವೇ ಎಂದು ಕೇಳಿದಾಗ ಅಕ್ಕ ಯೋಚಿಸುವುದಿಲ್ಲ. "ಬರೀರಿ. ಅವನು ಪೇಪರ್ ಓದೋನಲ್ಲ. ಮೀನಿನ ಎಣ್ಣೆ ಒರೆಸೋಕೆ ತಗೋತಾನೆ ಅಷ್ಟೇ."

ಮತ್ತೆ, ನಿಮಗೇನು ಬೇಕು? ಕಿಂಡಿ ಮರಳಿ ಬೇಕೇ, ಯಜಮಾನರು ಒಂದು ಮಾತು ಹೇಳಬೇಕೇ? ಗೋಡೆಯ ಆಚೆ ತಮ್ಮ ಏನೋ ಗುನುಗುತ್ತಿದ್ದಾನೆ. ಬಾಗಿಲಲ್ಲಿ ಇನ್ನೊಂದು ಬಸ್ಸಿನ ಜನ ಒಳಬರುತ್ತಿದ್ದಾರೆ. ಅಕ್ಕ ಜಗ್ಗು ಎತ್ತಿಕೊಳ್ಳುತ್ತಾರೆ.

"ನಂಗೇನೂ ಬೇಡ. ಅವನು ಈ ಒಲೆ ಬಿಡೋ ದಿನ ಎರಡು ಕಾಲ ಮೇಲೆ ನಡ್ಕೊಂಡು ಮನೆಗೆ ಹೋಗ್ಲಿ. ಎಂಥಾ ಸುಲಭದ ಕೆಲ್ಸ ಆಗಿತ್ತಪ್ಪಾ ಅಂತ ಅನ್ಕೊಂಡೇ ಹೋಗ್ಲಿ."